ಮಾಸ್ತರರು ಬಡಿದ ರೊಟ್ಟಿ

ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ಗುಡ್ಡದ ಮಠದಲ್ಲಿ ದಾಸೋಹದ ಒಲೆಯ ಪಕ್ಕದಲ್ಲೇ ಗೋಣಿತಟ್ಟು ಹಾಸಿಕೊಂಡು ಕುಳಿತಿರುತ್ತಿದ್ದರು. ಎಂಥ ದೊಡ್ಡವರಾದರೂ ದರ್ಶನಕ್ಕೆ ಆ ಹೊಗೆಗೇ ಬರಬೇಕು.

ಮಠದಲ್ಲಿ ಸಂಜೆ ಅಕ್ಷರ ಬಾರದ ದೊಡ್ಡ ವಯಸ್ಸಿನವರಿಗೆಂದು ಒಂದು ಸಾಲೆ ನಡೆಯುತ್ತಿತ್ತು. ಕಲಿಸುವವರು ಪಂಚಯ್ಯ ಮಾಸ್ತರರು. ಅವರ ವಿದ್ಯೆಗೆ ಕೊರತೆಯಿರಲಿಲ್ಲ; ತಾಳ್ಮೆಗೆ ಮಾತ್ರ ಬರಗಾಲ. ಅಕ್ಷರ ಬರೆದು ಮೂರು ಸಲ ಗಟ್ಟಿಯಾಗಿ ಹೇಳುವರು, ಬಾರದವರನ್ನು ಸಾಲೆಯಿಂದ ಬಿಡಿಸಿಬಿಡುವರು. ಆ ವರ್ಷ ಸರದಿ ದ್ಯಾಮವ್ವನಿಗೆ ಬಂತು. ದಾಸೋಹಕ್ಕೆ ರೊಟ್ಟಿ ಬಡಿಯುವ ನಡುವಯಸ್ಸಿನ ವಿಧವೆ ಆಕೆ. ಏನೆಂದು ತಿಳಿಯದೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಹೊಲ ಮೈದುನನ ಪಾಲಾಗುವಂತೆ ಮಾಡಿಕೊಂಡಿದ್ದಳು. ಇನ್ನು ಓದದೆ ಯಾವುದಕ್ಕೂ ಒತ್ತಲಾರೆನೆಂದು ಹಟ ಹಿಡಿದು ಸಾಲೆಗೆ ಬಂದಿದ್ದಳು. ಎರಡು ತಿಂಗಳಾದರೂ ಒಂದಕ್ಷರವೂ ತಲೆಗೆ ಹತ್ತಿರಲಿಲ್ಲ.

ಮಾಸ್ತರರು ಅಜ್ಜನವರ ಬಳಿ ಬಂದು, ಬೋರ್ಗಲ್ಲ ಮೇಲೆ ಮಳೆ ಸುರಿದಂತಾಗಿದೆ, ಈಕೆಯನ್ನು ನಾಳೆಯಿಂದ ಬಿಡಿಸುತ್ತೇನೆ ಎಂದರು. ಒಲೆಯ ಮುಂದಿದ್ದ ದ್ಯಾಮವ್ವ ತಲೆ ತಗ್ಗಿಸಿದಳು.

ಅಜ್ಜನವರು ಮುಗುಳ್ನಕ್ಕರು. ಅದು ನಾಳೆಯ ಮಾತಾಯಿತು, ಈ ಹೊತ್ತಿನ ಪ್ರಸಾದಕ್ಕೆ ನೀವೊಂದು ರೊಟ್ಟಿ ಬಡಿಯಿರಿ, ಆಕೆ ಹೇಳಿಕೊಡುತ್ತಾಳೆ ಎಂದು ಅಪ್ಪಣೆ ಕೊಡಿಸಿದರು.

ಅಜ್ಜನವರ ಮಾತು ಮೀರುವುದುಂಟೆ? ಮಾಸ್ತರರು ಅಂಗಿಯ ತೋಳು ಮಡಚಿ ಹಲಗೆಯ ಮುಂದೆ ಕುಳಿತರು. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು. ಎರಡನೆಯದು ಹಲಗೆಗೆ ಅಂಟಿತು. ಮೂರನೆಯದು ಎತ್ತುವಾಗಲೇ ಹರಿಯಿತು. ದ್ಯಾಮವ್ವ ನಗಲಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಲೂ ಇಲ್ಲ. ಹಿಟ್ಟಿಗೆ ಇನ್ನಷ್ಟು ಬಿಸಿನೀರು ಹಾಕಿ ನಾದಿದಳು, ಉಂಡೆಯನ್ನು ಅರ್ಧ ಮಾಡಿದಳು, ಹಲಗೆಯ ಮೇಲೆ ಒಣಹಿಟ್ಟು ಹೆಚ್ಚು ಉದುರಿಸಿದಳು. ನಾಲ್ಕನೆಯ ರೊಟ್ಟಿ ಅಂಗೈಯಗಲದ್ದಾದರೂ ಇಡಿಯಾಗಿ ಹೆಂಚಿಗೆ ಬಿತ್ತು.

ಆಗ ಅಜ್ಜನವರು ಮೆಲ್ಲಗೆ ಅಂದರು: "ಮಾಸ್ತರ್ರ, ಮೂರು ಹಾಳಾದ್ವು. ಆಕಿ ನಿಮ್ಮನ್ನ ಎಬ್ಬಿಸಲಿಲ್ಲ, ಹಿಟ್ಟಿನ ಹದಾ ಬದಲ ಮಾಡಿದ್ಲು."

ಮಾಸ್ತರರಿಗೆ ನಾಚಿಕೆಯಾಯಿತು, ಅಳುವೂ ಬಂತು. ಅದೇ ಹಲಗೆಯ ಮೇಲೆ ಒಣಹಿಟ್ಟು ಹರಡಿ, ಬೆರಳಿನಿಂದ ದೊಡ್ಡದಾಗಿ 'ದ' ಬರೆದು, ಅದರ ಮೇಲೆ ಬೆರಳಾಡಿಸೆಂದು ದ್ಯಾಮವ್ವನಿಗೆ ಹೇಳಿದರು. ದಿನವೂ ದುಂಡಗೆ ರೊಟ್ಟಿ ತಿರುಗಿಸುವ ಕೈ ಅದು. ಅಕ್ಷರದ ದುಂಡನ್ನು ಅಂದೇ ಹಿಡಿಯಿತು. ದೀಪಾವಳಿಯ ಹೊತ್ತಿಗೆ ಆಕೆ ಕಾಗದ ಓದಿ ಸಹಿ ಮಾಡುವಷ್ಟಾದಳು.

ಮಾಸ್ತರರು ಮಾತ್ರ ದೀಪಾವಳಿಯವರೆಗೆ ಕಾಯಲಿಲ್ಲ. ರೊಟ್ಟಿ ಬಡಿದ ಮರುದಿನವೇ, ದಡ್ಡರೆಂದು ತಾವು ಬಿಡಿಸಿದ್ದ ಹನ್ನೊಂದು ಮಂದಿಯ ಮನೆಗಳಿಗೆ ನಡೆದು ಹೋದರು. ಒಂದೊಂದು ಬಾಗಿಲಲ್ಲೂ ನಿಂತು ಕೈಮುಗಿದು, "ಕಲಿಸಾಕ ಬರದಾಂವ ನಾನಿದ್ದೆ, ಸಾಲಿಗೆ ಬರ್ರಿ" ಎಂದರು.