ದೋಣಿಯ ಮೂರನೇ ಹಲಗೆ

ನಗಲು ಬಂದವರು ಮುಂದೆ ಕೂತುಕೊಳ್ಳಿ, ಬುದ್ಧಿ ಹೇಳಲು ಬಂದವರು ಸ್ವಲ್ಪ ಹಿಂದೆ. ಯಾಕೆಂದರೆ ಇದು ಬುದ್ಧಿ ಹೇಳಿ ಹೇಳಿ ಸುಸ್ತಾದ ಒಬ್ಬ ತಾಯಿಯ ಕತೆ.

ಹೊಳೆ ಹೋಗಿ ಸಮುದ್ರ ಸೇರುವಲ್ಲಿ ಒಂದು ಕೇರಿ. ಆ ಕೇರಿಯಲ್ಲಿ ಸಣ್ಣಮ್ಮ ಅಂತ ಒಬ್ಬಳು, ಮೀನು ಒಣಗಿಸಿ ಮಾರುವವಳು. ಅವಳಿಗೆ ಜಟ್ಟು ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಎರಡಾಳಿನ ಕೆಲಸ ಮಾಡುತ್ತಿದ್ದ, ಮೂರಾಳಿನ ಊಟ ಉಣ್ಣುತ್ತಿದ್ದ. ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ.

"ಜಟ್ಟು, ಒಣಮೀನು ಕಾಯ್ತಾ ಇರು. ಕಾಗೆ ಬಂದ್ರೆ ಓಡ್ಸು" ಅಂತ ಹೇಳಿ ಸಣ್ಣಮ್ಮ ನೀರಿಗೆ ಹೋದಳು. ಬಂದು ನೋಡಿದರೆ ಕೇರಿಯ ನಾಯಿ ಚಾಪೆಯ ಮೇಲೇ ಕೂತು ಮೀನು ತಿನ್ನುತ್ತಿದೆ. ಪಕ್ಕದಲ್ಲಿ ಜಟ್ಟು, ಕೈಯಲ್ಲಿ ಕೋಲು, ಕಣ್ಣು ಆಕಾಶದ ಮೇಲೆ.

"ನಾಯಿ ತಿಂತಾ ಅದ್ಯಲ್ಲೋ."

"ತಿಂತಾ ಅದೆ ಅವ್ವ. ಕಾಗೆ ಒಂದೂ ಬರ್ಲಿಲ್ಲ."

ಸಣ್ಣಮ್ಮ ಹಣೆ ಹಣೆ ಚಚ್ಚಿಕೊಂಡಳು. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು. ಅವಳಿಗೆ ಇದ್ದದ್ದು ಒಂದೇ ಚಿಂತೆ: ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಜೊತೆ ಯಾರು? ಆ ಕೇರಿಯಲ್ಲಿ ಯಾವುದಾದರೂ ಒಂದು ದೋಣಿಯಲ್ಲಿ ಕೂರಲು ಜಾಗ ಇರುವವನಿಗೆ ಜನ ಇದ್ದ ಹಾಗೆ. ಅವನಿಗೆ ಜ್ವರ ಬಂದರೆ ದೋಣಿಯವರು ಬಂದು ವಿಚಾರಿಸುತ್ತಾರೆ, ಹಸಿದರೆ ದೋಣಿಯವರು ಕರೆದು ಉಣಿಸುತ್ತಾರೆ. ಜಟ್ಟುವಿಗೆ ಯಾವ ದೋಣಿಯೂ ಇರಲಿಲ್ಲ.

ಅದೇ ಕೇರಿಯಲ್ಲಿ ವಾಮನ, ಪಾಂಡು ಅಂತ ಇಬ್ಬರು. ಜಟ್ಟುವಿನ ಜೊತೆ ಮರಳಾಟ ಆಡಿ ಬೆಳೆದವರು. ವಾಮನ ಪೇಟೆಯಲ್ಲಿ ದರ್ಜಿ, ಪಾಂಡು ರಿಕ್ಷಾ ಓಡಿಸುವವ. ವಾರವೆಲ್ಲ ದುಡಿದು ಭಾನುವಾರ ಬಂತೆಂದರೆ ವಾಮನನ ಅಪ್ಪನ ಹಳೇ ದೋಣಿ ಇಳಿಸಿ, ಸಮುದ್ರಕ್ಕೆ ಹೋಗಿ, ಗಾಳ ಹಾಕಿ, ಬುತ್ತಿ ಉಂಡು ಬರುತ್ತಿದ್ದರು. ಸಿಗುವ ಮೀನಿಗಿಂತ ಹೊಡೆಯುವ ಹರಟೆಯೇ ಜಾಸ್ತಿ. ದೋಣಿಯಲ್ಲಿ ಕೂರುವ ಹಲಗೆ ಮೂರಿದ್ದವು. ಮೂರನೆಯದು ಖಾಲಿ.

ಸಣ್ಣಮ್ಮ ಹೋಗಿ ಕೇಳಿಯೇ ಬಿಟ್ಟಳು. "ವಾಮನ, ನನ್ನ ಮಗನ್ನೂ ಕರ್ಕಂಡು ಹೋಗ್ರಪ್ಪ."

ವಾಮನ ತಲೆ ಕೆರೆದುಕೊಂಡ. "ಜಟ್ಟು ಅಂದ್ರೆ ನಮ್ಗೂ ಜೀವವೇ ಸಣ್ಣತ್ತೆ. ಆದ್ರೆ ಸಮುದ್ರ ಅಂಗಳ ಅಲ್ಲ. ನಾಕು ವಾರ ಬರ್ಲಿ. ಸಂಭಾಳಿಸ್ಕಂಡ್ರೆ ಆ ಹಲಗೆ ಅವಂಗೇ."

ಸಣ್ಣಮ್ಮ ಕುಣಿಯುವುದೊಂದು ಬಾಕಿ. ಭಾನುವಾರ ಬೆಳಿಗ್ಗೆ ಮಗನ ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ, ಬುದ್ಧಿ ಹೇಳಿದಳು. "ದೋಣಿ ಅಲ್ಲಾಡಿದ್ರೆ ಮಗುಚ್ತದೆ ಮಗಾ. ಏನೇ ಆಗ್ಲಿ, ನೀನು ಅಲ್ಲಾಡದೆ ಕೂತ್ಕ."

ಕೂತ. ಕಲ್ಲಿನ ಹಾಗೆ ಕೂತ. ವಾಮನ ಕಟ್ಟಿಗೆಗೆ ಸುತ್ತಿದ ಗಾಳದ ದಾರದ ಉಂಡೆಯನ್ನು ಅವನ ತೊಡೆಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ದೊಡ್ಡದೊಂದು ಮೀನು ಗಾಳ ಕಚ್ಚಿ ಓಡಿತು. ದಾರ ಸರ್ರನೆ ಬಿಚ್ಚಿಕೊಂಡಿತು. ಉಂಡೆ ಕುಣಿಯಿತು, ಉರುಳಿತು, ಕೊನೆಗೆ ಕಟ್ಟಿಗೆಯ ಸಮೇತ ಸಮುದ್ರಕ್ಕೆ ಹಾರಿತು. ಜಟ್ಟು ಅಲ್ಲಾಡಲಿಲ್ಲ.

"ಹಿಡಿಬಾರ್ದಿತ್ತೇನೋ ಮಾರಾಯಾ" ಅಂದ ಪಾಂಡು.

"ಅಲ್ಲಾಡ್ಬೇಡ ಅಂದಿದ್ಲು ಅವ್ವ."

ಸಂಜೆ ಸಣ್ಣಮ್ಮ ಬೈದಳು. "ಪೆದ್ದಾ, ಕೈಲಿದ್ದದ್ದು ಆಚೆ ಎಳೆದ್ರೆ ನೀನು ಈಚೆ ಎಳಿಬೇಕು. ಮೈಯಲ್ಲಿದ್ದ ಬಲ ಎಲ್ಲ ಹಾಕಿ ಎಳೆದು ದೋಣಿ ಒಳಗೆ ಹಾಕ್ಬೇಕು. ತಿಳಿತಾ?"

"ತಿಳಿತು ಅವ್ವ."

ಮುಂದಿನ ಭಾನುವಾರ ದೋಣಿಯವರು ಬಂಡೆಯ ಹತ್ತಿರ ಲಂಗರು ಹಾಕಿದರು. ಹಗ್ಗದ ತುದಿ ಜಟ್ಟುವಿನ ಕೈಗೆ ಕೊಟ್ಟು, "ನೋಡ್ತಾ ಇರು" ಅಂದು, ಇಬ್ಬರೂ ಬೆನ್ನು ಹಾಕಿ ಗಾಳ ಬಿಟ್ಟರು. ತೆರೆ ಬಂತು. ಹಗ್ಗ ಆಚೆ ಎಳೆಯಿತು. ಜಟ್ಟು ಈಚೆ ಎಳೆದ. ಹಗ್ಗ ಇನ್ನೂ ಎಳೆಯಿತು, ಜಟ್ಟು ಇನ್ನೂ ಎಳೆದ. ಕೆಸರು ಮೆತ್ತಿದ ಲಂಗರನ್ನು ಎತ್ತಿ ದೋಣಿಯೊಳಗೆ ಹಾಕಿ, ಬೆವರು ಒರೆಸಿಕೊಂಡು ಕೂತ. ವಾಮನ ತನ್ನ ಅಂಗಡಿಗೆ ಬಂದ ಮದುವೆ ಗಂಡಿನ ಕತೆ ಹೇಳುತ್ತಿದ್ದ. ಕತೆ ಮುಗಿದು ತಲೆಯೆತ್ತಿದರೆ ಬಂಡೆಯಿಲ್ಲ, ತಮ್ಮ ಊರಿಲ್ಲ, ಎದುರಿಗೆ ಯಾವುದೋ ಬೇರೆ ಊರಿನ ದಡ.

"ಲಂಗರು ಎಲ್ಲೋ?"

"ಹಿಡ್ದೆ" ಅಂದ ಜಟ್ಟು ಹೆಮ್ಮೆಯಿಂದ. "ಭಾರಿ ಜಗ್ತಾ ಇತ್ತು."

ಹುಟ್ಟು ಹಾಕಿ ಹಾಕಿ ಕತ್ತಲಾಗುವ ಹೊತ್ತಿಗೆ ಕೇರಿ ಸೇರಿದರು. ಸಣ್ಣಮ್ಮ ಮತ್ತೆ ಬೈದಳು. "ದೋಣಿ ನಿಲ್ಲೋದೇ ಹಗ್ಗದಿಂದ ಕಣೋ. ದೋಣಿಗೆ ಕಟ್ಟಿದ ಹಗ್ಗ ಎಲ್ಲೇ ಕಾಣ್ಲಿ, ಬಿಚ್ಬೇಡ. ಮೇಲಿಂದ ಇನ್ನೊಂದು ಗಂಟು ಹಾಕು."

"ಹಾಕ್ತೆ ಅವ್ವ."

ಹಾಕಿದ. ಮೂರನೇ ಭಾನುವಾರ ಬೆಳಿಗ್ಗೆ ಮಂಜು ಮುಸುಕಿತ್ತು, ಚಾಚಿದ ಕೈ ಕಾಣುತ್ತಿರಲಿಲ್ಲ. ವಾಮನ ಮುಂದಿನ ಹಗ್ಗ ಬಿಚ್ಚಿದ. ಹಿಂದೆ ಇನ್ನೊಂದು ಹಗ್ಗ ದೋಣಿಯಿಂದ ದಡದ ಗೂಟಕ್ಕೆ ಹೋಗಿತ್ತು. ಎಲ್ಲರಿಗಿಂತ ಮೊದಲು ಬಂದಿದ್ದ ಜಟ್ಟು ಅದಕ್ಕೆ ಗಂಟಿನ ಮೇಲೆ ಗಂಟು ಹಾಕಿ ಕೂತಿದ್ದ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮೂವರೂ ಹುಟ್ಟು ಹಾಕಿದರು. ಹಾಡು ಹೇಳುತ್ತ ಹಾಕಿದರು, ಹರಟುತ್ತ ಹಾಕಿದರು. "ಇವತ್ತು ಎಷ್ಟು ದೂರ ಬಂದ್ವಲ್ಲ, ಆಳ ಸಮುದ್ರವೇ ಇರ್ಬೇಕು" ಅಂದ ಪಾಂಡು. ಅಲ್ಲೇ ಗಾಳ ಬಿಟ್ಟು ಬುತ್ತಿ ಬಿಚ್ಚಿದರು.

ಮಂಜು ಕರಗಿತು. ಕೂಗಳತೆಯಲ್ಲಿ ಸಣ್ಣಮ್ಮ ಪಾತ್ರೆ ತೊಳೆಯುತ್ತ ಕೂತಿದ್ದಳು.

"ಇಷ್ಟು ಬೇಗ ಬಂದ್ರಾ?" ಅಂದಳು.

ಪಾಂಡು ಬಿದ್ದು ಬಿದ್ದು ನಕ್ಕ. ವಾಮನ ನಗಲಿಲ್ಲ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಇನ್ನೊಂದು ವಾರ ನೋಡ್ತೇನೆ ಸಣ್ಣತ್ತೆ. ಬೇಜಾರು ಮಾಡ್ಕಬೇಡಿ. ಆಗ್ಲೂ ಹೀಗೇ ಆದ್ರೆ ಜಟ್ಟು ದಡದಲ್ಲೇ ಇರ್ಲಿ."

ಆ ರಾತ್ರಿ ಸಣ್ಣಮ್ಮ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದಳು. ಬೈಯಲೂ ಮನಸ್ಸು ಬರಲಿಲ್ಲ. ಮಗನ ತಲೆ ಸವರಿ ನಿಧಾನಕ್ಕೆ ಹೇಳಿದಳು. "ದೋಣಿ ಎಲ್ಲದೆ ಅಂತ ದಡ ನೋಡಿ ತಿಳ್ಕಬೇಕು ಮಗಾ. ದಡದಲ್ಲಿ ಒಂದು ಗುರುತು ಹಿಡ್ಕ. ಅದು ಕಣ್ಣೆದುರಿಗೇ ಇರ್ಬೇಕು. ಏನೇ ಆಗ್ಲಿ ಗುರುತು ಬಿಡ್ಬೇಡ."

"ಬಿಡೋದಿಲ್ಲ ಅವ್ವ."

ನಾಲ್ಕನೇ ಭಾನುವಾರ. ಸಣ್ಣಮ್ಮ ಕೆಂಪು ಸೀರೆ ಉಟ್ಟು ದಡದ ಮೇಲೆ ಮೀನು ಹರಡುತ್ತಿದ್ದಳು. ದೂರದಲ್ಲಿ, ಅವಳ ಎದುರಿಗೆ ಸರಿಯಾಗಿ, ದೋಣಿ ನಿಂತಿತ್ತು. ದೇವರೇ ಇವತ್ತೊಂದು ದಿನ ಕಾಪಾಡಪ್ಪ ಅಂತ ಕೈಮುಗಿದಳು. ಆಮೇಲೆ ಒಲೆಯ ಮೇಲಿನ ಗಂಜಿ ನೆನಪಾಗಿ, ಬುಟ್ಟಿ ಹೊತ್ತು ದಡದಗುಂಟ ಮನೆಯ ಕಡೆ ಹೊರಟಳು.

ದೋಣಿಯೂ ಹೊರಟಿತು.

ಸಣ್ಣಮ್ಮ ನಿಂತಳು. ದೋಣಿಯೂ ನಿಂತಿತು. ಅವಳು ನಾಲ್ಕು ಹೆಜ್ಜೆ ಹಾಕಿದಳು, ದೋಣಿಯೂ ಅಷ್ಟೇ ಸರಿಯಿತು. ಏನೋ ಅನಾಹುತವಾಗಿದೆ ಅಂದುಕೊಂಡು ಕೇರಿಯವರನ್ನು ಕರೆಯಲು ಓಡಿದಳು. ದೋಣಿಯೂ ಓಡಿತು. ಜಟ್ಟು ಎರಡಾಳಿನ ಬಲ ಹಾಕಿ ಹುಟ್ಟು ಎಳೆಯುತ್ತಿದ್ದ, ಕಣ್ಣು ಮಾತ್ರ ಕೆಂಪು ಸೀರೆಯಿಂದ ಕದಲಲಿಲ್ಲ.

ವಾಮನ, ಪಾಂಡು ಏನು ಮಾಡುತ್ತಿದ್ದರು ಅಂತೀರಾ? ಅವರಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ದೋಣಿ ಓಡಿದಂತೆ ಗಾಳವೂ ನೀರಲ್ಲಿ ಓಡಿತು, ಓಡುವ ಗಾಳ ಕಂಡು ಮೀನಿಗೂ ಆಸೆ ಹುಟ್ಟಿತು. ಹಾಕಿದಷ್ಟೂ ಮೀನು, ಎಳೆದಷ್ಟೂ ಮೀನು. ಸಣ್ಣಮ್ಮ ಮನೆಯ ಕಡೆ ತಿರುಗಿ ದಡ ಹತ್ತಿದಳು. ಗುರುತು ಸಣ್ಣದಾಗುತ್ತ ಹೋಯಿತು. ಗುರುತು ಬಿಡಬಾರದಲ್ಲ, ಜಟ್ಟು ದೋಣಿಯನ್ನು ಸೀದಾ ದಡಕ್ಕೇ ತಿರುಗಿಸಿದ. ದೋಣಿ ಮರಳಿಗೆ ನುಗ್ಗಿ ನಿಂತ ಹೊಡೆತಕ್ಕೆ ವಾಮನ ಮೀನಿನ ರಾಶಿಯ ಮೇಲೆ ಬಿದ್ದ.

"ಯಾಕವ್ವ ಓಡ್ದೆ?" ಅಂದ ಜಟ್ಟು ಏದುಸಿರು ಬಿಡುತ್ತ. "ಗುರುತು ಓಡ್ಬಾರ್ದು."

ವಾಮನ ಎದ್ದ. ಮರಳು ನೋಡಿದ, ಸಣ್ಣಮ್ಮನ ಕೆಂಪು ಸೀರೆ ನೋಡಿದ, ದೋಣಿ ತುಂಬಿದ ಮೀನು ನೋಡಿದ. ಸಣ್ಣಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ವಾಮನನಿಗೆ ಮೊದಲು ಮೀಸೆಯಲ್ಲಿ ನಗು ಬಂತು, ಆಮೇಲೆ ಹೊಟ್ಟೆಯಿಂದ ಬಂತು. ಮರಳ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನೀನಿಲ್ದೆ ನಮ್ಗೆ ಇಷ್ಟು ಮೀನೂ ಇಲ್ಲ, ಇಷ್ಟು ನಗೆಯೂ ಇಲ್ಲ ಮಾರಾಯಾ. ಆ ಹಲಗೆ ಇವತ್ತಿಂದ ನಿಂದು. ಬೇರೆ ಯಾರಿಗೂ ಬಿಟ್ಕೊಡ್ಬೇಡ."

ಸಣ್ಣಮ್ಮನಿಗೆ ಅಳು ಬಂತು. ಸಂತೋಷದ ಅಳು. ಮನೆಗೆ ಹೋಗಿ ಸಾರು ಮಾಡಿದಳು, ಮೀನು ಹುರಿದಳು, ದೀಪ ಹಚ್ಚಿದಳು.

ಅಷ್ಟರಲ್ಲಿ ಅಂಗಳದಲ್ಲಿ ಧಡ್ಡೆಂದು ಸದ್ದಾಯಿತು. ಜಟ್ಟು ಹೆಗಲ ಮೇಲಿಂದ ಏನನ್ನೋ ಇಳಿಸಿ, ಸಮುದ್ರದ ಕಡೆ ಮುಖ ಮಾಡಿ ಎರಡು ಕಲ್ಲಿನ ಮೇಲೆ ಇಡುತ್ತಿದ್ದ. ಮೊಳೆ ಕಿತ್ತ ತೂತುಗಳಿದ್ದ ಉದ್ದದ ಹಲಗೆ.

ಹಿಂದೆಯೇ ಪಾಂಡು ಓಡಿ ಬಂದ. "ಸಣ್ಣತ್ತೆ, ಯಾರೋ ಕಳ್ಳ ದೋಣಿ ಹಲಗೆ ಕಿತ್ಕಂಡು..." ಅನ್ನುತ್ತ ಅಂಗಳ ನೋಡಿ ಅಲ್ಲೇ ನಿಂತ.

"ಯಾರಿಗೂ ಬಿಟ್ಕೊಡ್ಬೇಡ ಅಂದ್ನಲ್ಲ ವಾಮನ. ಅಲ್ಲಿ ಬಿಟ್ರೆ ಯಾರಾದ್ರೂ ಕೂತ್ಬಿಡ್ತಾರೆ" ಅಂದ ಜಟ್ಟು. "ಭಾನುವಾರ ನಾನು ಬರ್ಬೇಕಾದ್ರೆ ತರ್ತೆ."

ಸಣ್ಣಮ್ಮ ಬುದ್ಧಿ ಹೇಳಲು ಬಾಯಿ ತೆರೆದಳು. ಏನು ಹೇಳಿದರೆ ಏನಾಗುತ್ತದೋ ಅಂತ ಹೆದರಿ ಮುಚ್ಚಿದಳು.

"ಬಾ ಅವ್ವ, ಕೂತ್ಕ" ಅಂದ ಜಟ್ಟು, ಪಕ್ಕಕ್ಕೆ ಸರಿದು.

ಸಮುದ್ರದ ದಡದಲ್ಲೇ ಹುಟ್ಟಿ, ಸಮುದ್ರದ ಮೀನನ್ನೇ ಮಾರಿ ಬದುಕಿದರೂ ಒಂದು ದಿನವೂ ದೋಣಿ ಹತ್ತಿದವಳಲ್ಲ ಸಣ್ಣಮ್ಮ. ಸೆರಗಲ್ಲಿ ಕೈ ಒರೆಸಿಕೊಂಡು ಮಗನ ಪಕ್ಕ ಕೂತಳು.

"ಗಟ್ಟಿ ಹಿಡ್ಕ, ತೆರೆ ಬರ್ತಾ ಅದೆ" ಅಂದ ಜಟ್ಟು.

ಅವಳು ಎರಡೂ ಕೈಯಲ್ಲಿ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.