ಇಬ್ಬರು ದೊರೆಗಳೂ ಒಂದು ತೆಂಗಿನಮರವೂ

ಏಳು ಸಮುದ್ರದಾಚೆ ಅಂತ ಶುರು ಮಾಡ್ತಾರಲ್ಲ, ಇದು ಆ ಕಥೆಯಲ್ಲ. ಇದು ಅದಕ್ಕೂ ಆಚೆ, ಎಂಟನೇ ಸಮುದ್ರದ ನಟ್ಟನಡುವೆ ಇದ್ದ ಊರಂತೆ. ಎತ್ತ ನೋಡಿದರೂ ನೀರು. ಬೆಳಿಗ್ಗೆ ಮನೆ ಬಿಟ್ಟವನು ದಡದುದ್ದಕ್ಕೂ ಒಂದು ಸುತ್ತು ಹೊಡೆದು ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಿತ್ತಂತೆ. ಅಷ್ಟಗಲದ ಊರಿಗೂ ದೇಶ ಅಂತಲೇ ಹೆಸರು. ಯಾಕೆ ನಗ್ತೀರಿ? ಅವರಿಗೆ ಅದು ದೇಶವೇ.

ಆ ಊರಲ್ಲಿ ಲೇಸಾವು ಅಂತ ಒಬ್ಬ ಮುದುಕಿ. ಗಂಡ ಇಲ್ಲ, ಗಂಡುಮಕ್ಕಳಿಲ್ಲ. ಇದ್ದೊಬ್ಬ ತಮ್ಮನೂ ಅಳಿಯನೂ ಮೀನಿಗೆ ಹೋದವರು ತಿರುಗಿ ಬರಲಿಲ್ಲ. ಮಿಕ್ಕವಳು ಒಬ್ಬಳೇ ಮಗಳು, ಲೇಮಾರ, ತುಂಬಿದ ಬಸುರಿ.

ಅವರಲ್ಲೊಂದು ಪದ್ಧತಿ, ಸರಿಯಾಗಿ ಕೇಳಿಸಿಕೊಳ್ಳಿ, ಆಮೇಲೆ ಏನಂದೆ ಅಂತ ಕೇಳಬೇಡಿ. ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿಯನ್ನ ತಾಯಿಯ ಮರದ ಪಕ್ಕದಲ್ಲಿ ಹೂತು, ಮೇಲೊಂದು ತೆಂಗಿನಸಸಿ ನೆಡಬೇಕು. ಆ ಮರ ನಿಂತರೆ ಮಗು ನಿಂತಂತೆ. ಬಳ್ಳಿ ಹೂಳುವವನು ಸೋದರಮಾವ. ಯಾರು ಹೂತರೆ ಅವನೇ ಮಾವ. ಅಲ್ಲಿಂದಾಚೆ ಆ ನೆಲದ ಮೇಲೆ ಅವನ ಮಾತೇ ಮಾತು, ಅಲ್ಲಿರೋ ಮರಗಳಿಗೆಲ್ಲ ಅವನದೇ ಕಾವಲು. ಅವನೇ ಕೊಡಲಿ ಎತ್ತಿದನೋ, ಮಾವತನ ಆವತ್ತಿಗೇ ಮುಗೀತು. ಲೇಮಾರಳ ಬಳ್ಳಿ ಹೂತ ಮಾವ ಸಮುದ್ರದ ಪಾಲಾಗಿದ್ದ. ಅವಳ ಮರ ಮಾತ್ರ ಊರಿಗೇ ಎತ್ತರವಾಗಿ ಬೆಳೆದಿತ್ತು, ಕಾಯೋ ದಿಕ್ಕಿಲ್ಲದೆ.

ಹೀಗಿರುವಾಗ ಒಂದು ದಿನ ಬೆಳಗಿನ ಉಬ್ಬರಕ್ಕೆ ಒಂದು ಹಡಗು ಬಂತಂತೆ. ಅದರಿಂದ ಕೆಂಪಂಗಿಯ ದೊರೆ ಇಳಿದ. "ಈ ಊರು ಇವತ್ತಿನಿಂದ ನಮ್ಮ ರಾಜರದು" ಅಂದ. ಸಂಜೆ ಉಬ್ಬರಕ್ಕೆ ಇನ್ನೊಂದು ಹಡಗು. ನೀಲಿಯಂಗಿಯ ದೊರೆ ಇಳಿದ, ಅವನೂ ಅದೇ ಪಾಠ ಒಪ್ಪಿಸಿದ. ಊರಿನವರನ್ನ ಯಾರೂ ಏನೂ ಕೇಳಲಿಲ್ಲ. ದೊರೆಗಳಿಬ್ಬರೂ ಮುಖ ಮುಖ ನೋಡಿಕೊಂಡರು. ಜಗಳ ಆಡೋಣ ಅಂದರೆ ಬಿಸಿಲು. "ಸರಿ, ಇಬ್ಬರೂ ಆಳೋಣ" ಅಂದರು.

ಆಮೇಲೆ ಶುರುವಾಯಿತು ನೋಡಿ! ಎರಡು ಕಚೇರಿ, ಎರಡು ಥರದ ಪೊಲೀಸು, ಎರಡು ಜೈಲು. ಊರಿನ ಜನವೇ ಮುನ್ನೂರು, ಅದಕ್ಕೆ ಎರಡು ಜೈಲು! ಎರಡು ಬಾವುಟ ಬೇರೆ. ಒಂದು ಇನ್ನೊಂದಕ್ಕಿಂತ ಒಂದು ಬೆರಳೂ ಮೇಲಿರಬಾರದು. ದಿನಾ ಬೆಳಿಗ್ಗೆ ದೊರೆಗಳಿಬ್ಬರೂ ಹಗ್ಗ ಹಿಡಿದು ಅಳೆಯೋರು. ಊರಾಳೋ ಕೆಲಸ ಅಂದರೆ ಅದೊಂದೇ ಅಂತೆ.

ಒಂದು ಸಲ ಕೆಂಪುದೊರೆಯ ಕಂಬಕ್ಕೆ ಗೆದ್ದಲು ಹಿಡೀತು. ಹೊಸ ತೆಂಗಿನಮರ ಕಡಿದು ನೆಟ್ಟ, ಗೇಣುದ್ದ ಹೆಚ್ಚಾಯಿತು. ನೀಲಿದೊರೆ ಸುಮ್ಮನಿರ್ತಾನಾ? ಇನ್ನೂ ಉದ್ದದ ಮರ ಕಡಿಸಿದ. ಅವನು ಒಂದು, ಇವನು ಒಂದು. ಅವನು ಇನ್ನೊಂದು, ಇವನು ಮತ್ತೊಂದು. ಊರಿನ ಎತ್ತರದ ಮರಗಳೆಲ್ಲ ಹೀಗೇ ಉರುಳಿದವು. ಉಳಿದದ್ದು ಲೇಮಾರಳ ಮರ ಒಂದೇ.

ಕೆಂಪುದೊರೆ ಬಂದು ಅದಕ್ಕೆ ಸುಣ್ಣದ ಗುರುತು ಹಾಕಿದ.

"ಸ್ವಾಮಿ, ಅದು ನನ್ನ ಮಗಳ ಮರ. ಅವಳು ಬಸುರಿ. ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ" ಅಂತ ಲೇಸಾವು ಕಾಲಿಗೆ ಬಿದ್ದಳು.

"ಮರಕ್ಕೂ ಬಸುರಿಗೂ ಏನಜ್ಜಿ ಸಂಬಂಧ? ನಾಳೆ ಕಡೀತೀವಿ."

ಮುದುಕಿ ಮನೆಗೆ ಬಂದಳು. ಅತ್ತಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು ನೆಟ್ಟಗೆ ನೀಲಿದೊರೆಯ ಕಚೇರಿಗೆ ಹೋದಳು.

"ಏನಿಲ್ಲ ಸ್ವಾಮಿ, ಸುಮ್ಮನೆ ಹೇಳಿ ಹೋಗೋಣ ಅಂತ ಬಂದೆ. ನಮ್ಮ ಮರ ಕೆಂಪುದೊರೆಗಳಿಗೆ ಹೋಗ್ತಿದೆ. ನಿಮ್ಮ ಬಾವುಟಕ್ಕಿಂತ ಮೂರು ಮೊಳ ಎತ್ತರ ಆಗ್ತದಂತೆ. ಅಂಥದ್ದು ಊರಲ್ಲಿ ಇನ್ನೊಂದಿಲ್ಲ, ಪಾಪ, ನೀವೇನು ಮಾಡ್ತೀರಿ."

ನೀಲಿದೊರೆ ಕೂತಲ್ಲಿಂದ ಎದ್ದೋಡಿದ. ಮರಕ್ಕೆ ತನ್ನದೂ ಒಂದು ಗುರುತು. ನಾಳೆ ಕಡಿಯೋ ಮರಕ್ಕೆ ಎರಡು ಕಡೆಯ ಪೊಲೀಸರೂ ಕಾವಲು ನಿಂತರು, ಇವರು ಕಡಿಯದ ಹಾಗೆ ಅವರು, ಅವರು ಕಡಿಯದ ಹಾಗೆ ಇವರು. ಹಂದಿ ಬಂದು ಬುಡ ಕೆದಕಿದರೂ ಓಡಿಸೋರಂತೆ. ಸರ್ಕಾರದಿಂದ ಆ ಊರಿಗೆ ಉಪಯೋಗ ಅಂತ ಆಗಿದ್ದು ಅದೇ ಮೊದಲು.

ಆದರೆ ಒಂಬತ್ತನೇ ದಿನ ಇಬ್ಬರಿಗೂ ಬುದ್ಧಿ ಬಂದುಬಿಡ್ತು. "ಅರ್ಧ ನಿನಗೆ, ಅರ್ಧ ನನಗೆ. ಎರಡು ಕಂಬವೂ ಸಮ" ಅಂತ ಒಪ್ಪಿಕೊಂಡರು. ಜನ್ಮದಲ್ಲಿ ಒಂದು ಸಲ ಒಪ್ಪಿಕೊಂಡರು, ಅದೂ ಇದಕ್ಕೆ! ಹತ್ತನೇ ದಿನ ಬೆಳಿಗ್ಗೆ ಇಬ್ಬರೂ ಕೊಡಲಿ ಹಿಡಿದು ಬಂದರು, ಹಿಂದೆ ಊರಿಗೆ ಊರೇ ಬಂತು. ಅದೇ ಬೆಳಿಗ್ಗೆ ಲೇಮಾರ ಹೆಣ್ಣು ಹೆತ್ತಳು.

ಲೇಸಾವು ಬಾಳೆಎಲೆಯ ಪೊಟ್ಟಣ ಒಂದನ್ನ ಕೈಯಲ್ಲಿ ಹಿಡಿದು ಬಂದಳು.

"ಕಡೀರಿ ಸ್ವಾಮಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಮೊಮ್ಮಗಳ ಹೊಕ್ಕುಳಬಳ್ಳಿ ಹೂಳಬೇಕು. ಮನೇಲಿ ಗಂಡುದಿಕ್ಕಿಲ್ಲ. ಕೆಂಪುದೊರೆಗಳು ದೊಡ್ಡವರು, ಅವರ ಕೈಲಿ ಹೂಳಿಸೋಣ ಅಂತ."

"ಅವನೇ ಯಾಕೆ? ನನ್ನ ಕೈಗೇನಾಗಿದೆ?" ಅಂದ ನೀಲಿದೊರೆ.

"ಅಯ್ಯೋ, ಹೌದಲ್ಲ!" ಅಂತ ಮುದುಕಿ ಸೊಂಟದಿಂದ ಇನ್ನೊಂದು ಪೊಟ್ಟಣ ತೆಗೆದಳು. ಬಳ್ಳೀನ ಮೊದಲೇ ಎರಡು ತುಂಡು ಮಾಡಿಟ್ಟಿದ್ದಳು, ಕಳ್ಳಿ!

ಇಬ್ಬರೂ ಅಗೆದರು. ಗುಂಡಿಗೆ ಹಗ್ಗ ಇಳಿಬಿಟ್ಟು ಅಳೆದರು. ಕೆಂಪುದೊರೆಯ ಗುಂಡಿ ಒಂದು ಬೆರಳು ಹೆಚ್ಚು ಆಳ. ನೀಲಿದೊರೆ ಮತ್ತೆ ಅಗೆದ. ಇವನು ಎರಡು ಬೆರಳು, ಅವನು ಮೂರು. ಹೊತ್ತು ನೆತ್ತಿಗೆ ಬರುವಾಗ ಇಬ್ಬರೂ ಸೊಂಟದ ತನಕ ಗುಂಡಿಯಲ್ಲಿದ್ದರಂತೆ, ಅಂಗಿಯ ಬಣ್ಣ ಯಾವುದು ಅಂತ ಗೊತ್ತಾಗದ ಹಾಗೆ ಮಣ್ಣು. ಅಂತೂ ಬಳ್ಳಿ ಹೂತರು, ಮಣ್ಣು ಮುಚ್ಚಿದರು, ಸಸಿ ನೆಟ್ಟರು.

ಲೇಸಾವು ಕಾಲು ಚಾಚಿ ಕೂತು ಕೇಳಿದಳು: "ಆಯ್ತೇನ್ರೋ ಮಕ್ಕಳಾ?"

"ಯಾರಿಗೆ ಮಕ್ಕಳು ಅಂತೀಯ?" ಅಂತ ಕೆಂಪುದೊರೆ ಹಾರಿಬಿದ್ದ.

"ನಿನಗೇ ಕಣೋ. ಬಳ್ಳಿ ಹೂತವನು ಮಗೂಗೆ ಸೋದರಮಾವ. ನನ್ನ ಮಗಳ ಅಣ್ಣ ನನಗೆ ಮಗ ತಾನೆ? ಊರೇ ನೋಡಿದೆ." ಊರು ಹೌದು ಹೌದು ಅಂತು.

"ನಾನು ಮಾವನೂ ಅಲ್ಲ, ಮಣ್ಣೂ ಅಲ್ಲ!"

"ಬೇಡ ಬಿಡಪ್ಪ, ಬಲವಂತ ಇಲ್ಲ. ಹಾಗಾದ್ರೆ ಈ ನೀಲಿಮಗ ಒಬ್ಬನೇ ಮಾವ. ಇನ್ನು ಈ ನೆಲದ ಮೇಲೆ ಇವನ ಮಾತೇ ಮಾತು."

ಕೆಂಪುದೊರೆ ಪಕ್ಕಕ್ಕೆ ತಿರುಗಿ ನೋಡಿದ. ನೀಲಿದೊರೆ ಮೀಸೆಯಡಿ ನಗ್ತಿದ್ದ.

"ನಾನೂ ಮಾವನೇ!" ಅಂತ ಕಿರುಚಿದ ಕೆಂಪುದೊರೆ.

"ನಾನೇ ಮೊದಲು!" ಅಂದ ನೀಲಿದೊರೆ.

"ಇಬ್ಬರೂ ಕಣ್ರೋ. ಆದ್ರೆ ಯಾರು ಮೊದಲು ಕೊಡಲಿ ಎತ್ತುತೀರೋ ಅವರ ಮಾವತನ ಹೋಯ್ತು, ನೆಲವೆಲ್ಲ ಇನ್ನೊಬ್ಬನಿಗೆ. ಹೂಂ, ಎತ್ತಿ ನೋಡೋಣ."

ಯಾರು ಎತ್ತುತಾರೆ? ಎರಡು ಕೊಡಲಿಯೂ ಒಟ್ಟಿಗೆ ನೆಲಕ್ಕೆ ಬಿದ್ದವು. ಮುದುಕಿಗೆ ಆಗ ಅಳು ಬಂತು. ಈ ಸಲದ್ದು ಸಂತೋಷದ್ದು.

ಅಲ್ಲಿಂದ ಆರು ವರ್ಷ ದೊರೆಗಳು ಹಬ್ಬಹಬ್ಬಕ್ಕೂ ಸೋದರಸೊಸೆಗೆ ಗೆಣಸು ಹೊತ್ತು ತಂದರು, ಅದನ್ನೂ ಅಳೆದು. ಆ ಮಗು ಲೇತಾರಿ ಇಬ್ಬರ ಮೀಸೇನೂ ಎಳೆದು ಬೆಳೆಯಿತು. ಹೇಳಿದರೆ ನಂಬಲ್ಲ ನೀವು, ಬರಬರುತ್ತ ಇಬ್ಬರಿಗೂ ಅದರ ಮೇಲೆ ನಿಜವಾಗಲೂ ಜೀವ ಆಗಿಹೋಗಿತ್ತಂತೆ.

ಏಳನೇ ವರ್ಷ ಎರಡು ಕಡೆಯ ರಾಜರಿಗೂ ಆ ಊರು ಸಾಕಾಯಿತು. ಬಾವುಟ ಇಳಿಸಿ ಬನ್ನಿ ಅಂತ ಕಾಗದ ಬಂತು. ಇಳಿಸೋದೇನೋ ಸರಿ, ಮೊದಲು ಇಳಿಸೋರು ಯಾರು? ಇಬ್ಬರೂ ತಂತಮ್ಮ ಕಂಬದ ಹಗ್ಗ ಹಿಡಿದು ಮೂರು ದಿನ ನಿಂತರು. ಅಲ್ಲೇ ಊಟ, ಅಲ್ಲೇ ತೂಕಡಿಕೆ. ಹಡಗುಗಳು ಕಾದವು. ಊರು ಕಾದು ಕಾದು ಬೇಸತ್ತಿತು.

ಕೊನೆಗೆ ಲೇಸಾವು ಮೊಮ್ಮಗಳ ಬೆನ್ನು ತಟ್ಟಿದಳು. "ಮಾವಂದಿರು ಹೊರಟಿದಾರೆ. ಹೋಗಿಬನ್ನಿ ಅಂತ ಹೇಳು, ಓಡು."

ಲೇತಾರಿ ಇಬ್ಬರ ನಡುವೆ ಓಡಿಬಂತು. ನನ್ನ ಹತ್ತಿರ ಮೊದಲು ಬರಲಿ ಅಂತ ಅವನೂ ಎರಡು ಕೈ ಚಾಚಿದ, ಇವನೂ ಎರಡು ಕೈ ಚಾಚಿದ. ಹಗ್ಗ ಹಿಡಿಯೋರು ಯಾರು? ಬಾವುಟ ಎರಡೂ ಒಟ್ಟಿಗೆ ದೊಪ್ಪನೆ ಬಿದ್ದವು, ಒಂದು ಬೆರಳೂ ಹಿಂದೆಮುಂದೆ ಇಲ್ಲ.

ಅವರು ಬಿಟ್ಟುಹೋದ ಅಳತೆಹಗ್ಗದಲ್ಲಿ ಲೇಸಾವು ಹಂದಿ ಕಟ್ಟಿದಳಂತೆ. ಆ ಮರದ ಎಳನೀರು ಈಗಲೂ ಅವರು ಕುಡೀತಿದಾರೆ. ಕಥೆ ಹೇಳಿದವಳ ಪಾಲಿಗೆ ಒಣಗಿದ ಗಂಟಲು. ಏಳಿ, ಯಾರಾದರೂ ಒಂದು ಚೊಂಬು ನೀರು ತನ್ನಿ.