ಕಡಲಾಚೆ ಕಲಿಸಿದ ಕಬಡ್ಡಿ

"ಗುರುಗಳೇ, ನಮ್ಮಿಂದ ಕಲಿತವರೇ ನಮ್ಮನ್ನು ಸೋಲಿಸಿದರೆ, ಕಲಿಸಿದ್ದು ತಪ್ಪಲ್ಲವೇ?" ಎಂದು ಚನ್ನವೀರ ಕೇಳಿದ. ಹಿಂದಿನ ದಿನ ಅವನ ದೇಶದ ಕಬಡ್ಡಿ ತಂಡ ಮೊದಲ ಸಲ ಹೊರಗಿನವರಿಗೆ ಸೋತಿತ್ತು.

ಗುರುಗಳು ಹೇಳತೊಡಗಿದರು.

ಒಂದು ದೇಶದ ಜನರಿಗೆ ಕಬಡ್ಡಿ ಎಂದರೆ ಪ್ರಾಣ. ಅವರ ತಂಡವನ್ನು ಸೋಲಿಸುವವರು ಎಲ್ಲೂ ಇರಲಿಲ್ಲ. ಬೇರೆ ದೇಶದವರು ಬರುತ್ತಿದ್ದರು, ಸೋಲುತ್ತಿದ್ದರು, ಕೈಕುಲುಕಿ ಹೋಗುತ್ತಿದ್ದರು. ಬರಬರುತ್ತಾ ಆಟಗಾರರು ಅಭ್ಯಾಸಕ್ಕೆ ತಡವಾಗಿ ಬರತೊಡಗಿದರು. ಫೈನಲ್ ಪಂದ್ಯಕ್ಕೂ ಅರ್ಧ ಕ್ರೀಡಾಂಗಣ ಖಾಲಿ.

ಆ ತಂಡದ ನಾಯಕನಾಗಿದ್ದ ದುರ್ಗಪ್ಪ ವಯಸ್ಸಾಗಿ ಆಟ ಬಿಟ್ಟ. ಮನೆಯಲ್ಲಿ ಸುಮ್ಮನೆ ಕೂರುವುದು ಅವನಿಂದಾಗಲಿಲ್ಲ. ಅಷ್ಟರಲ್ಲಿ ಕಡಲಾಚೆಯ ಒಂದು ಸಣ್ಣ ದೇಶದವರು ಬಂದು, ತಮಗೆ ಆಟ ಕಲಿಸಬೇಕೆಂದು ಕೇಳಿಕೊಂಡರು. ಅವರು ಪ್ರತಿ ಸಲವೂ ಹೀನಾಯವಾಗಿ ಸೋತವರು. ದುರ್ಗಪ್ಪ ಒಪ್ಪಿದ. ಅವನ ಜೊತೆ ಆಡಿದ್ದ ಸಿದ್ಧಯ್ಯ ಆಗ ಸ್ವದೇಶದ ತಂಡದ ತರಬೇತುದಾರ. ವಿಷಯ ತಿಳಿದು ಅವನು ದುರ್ಗಪ್ಪನೊಂದಿಗೆ ಮಾತು ಬಿಟ್ಟ.

ಕಡಲಾಚೆಯವರು ಕುಸ್ತಿ ಬಲ್ಲ ಜನ. ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಆದರೆ ಏಳೂ ಜನ ಒಂದಾಗಿ ಆಡುವುದು ಅವರಿಗೆ ತಿಳಿದಿರಲಿಲ್ಲ. ದುರ್ಗಪ್ಪ ತಾಳ್ಮೆಯಿಂದ ತಿದ್ದಿದ. ಕೆಲವು ವರ್ಷಗಳ ನಂತರ ಅವರು ಫೈನಲ್ ತಲುಪಿದರು. ಎದುರಿಗೆ ದುರ್ಗಪ್ಪನ ಸ್ವಂತ ದೇಶ. ಕೊನೆಯ ದಾಳಿಗೆ ಹೋದ ಸ್ವದೇಶದ ಆಟಗಾರ ನಡುಗೆರೆ ಮುಟ್ಟುವ ಮೊದಲೇ ಸಿಕ್ಕಿಬಿದ್ದ. ಒಂದೇ ಅಂಕದಿಂದ ಪಂದ್ಯ ಕೈತಪ್ಪಿತು. ಶಿಷ್ಯರು ದುರ್ಗಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನು ನಗುತ್ತಿದ್ದ. ಕಣ್ಣು ಮಾತ್ರ ತಲೆ ತಗ್ಗಿಸಿ ಕುಳಿತ ತನ್ನ ದೇಶದ ಹುಡುಗರ ಕಡೆಗಿತ್ತು.

ಬೈಗುಳ ಕೇಳಲು ಸಿದ್ಧನಾಗಿಯೇ ಅವನು ಊರಿಗೆ ಬಂದ. ಕೆಲವರು ಮುಖ ತಿರುಗಿಸಿದರು. ಮರುದಿನ ಬೆಳಿಗ್ಗೆ ಅಭ್ಯಾಸದ ಮೈದಾನಕ್ಕೆ ಹೋದರೆ, ತಂಡ ಆಗಲೇ ಬೆವರಿಳಿಸುತ್ತಿತ್ತು. ಬೇಲಿಯಾಚೆ ಜನ ನಿಂತು ನೋಡುತ್ತಿದ್ದರು. ಸಿದ್ಧಯ್ಯ ಅವನನ್ನು ಕಂಡು ಹತ್ತಿರ ಬಂದ.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ" ಎಂದ. "ಆದರೆ ಈಗ ಇವರನ್ನು ನಾನು ಎಬ್ಬಿಸಿ ಕರೆತರಬೇಕಾಗಿಲ್ಲ, ತಾವೇ ಬರುತ್ತಾರೆ. ಬಾ, ಚಹಾ ಕುಡಿಯೋಣ."

"ಮುಂದಿನ ಸಲ ನನ್ನ ಶಿಷ್ಯರು ಇನ್ನೂ ಚೆನ್ನಾಗಿ ಆಡುತ್ತಾರೆ" ಎಂದ ದುರ್ಗಪ್ಪ.

"ಆಡದೆ ಇದ್ದರೆ ನಾನೇ ಬಂದು ಬೈಯುತ್ತೇನೆ" ಎಂದ ಸಿದ್ಧಯ್ಯ. ಇಬ್ಬರೂ ಮೈದಾನದ ಅಂಚಿನಲ್ಲಿ ಕುಳಿತು ಚಹಾ ಕುಡಿದರು.

ಮರುವರ್ಷ ಅವೇ ಎರಡು ತಂಡಗಳು ಮತ್ತೆ ಫೈನಲ್‌ನಲ್ಲಿ ಎದುರಾದವು. ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ತಡೆಯಲಾರದೆ, "ಗೆದ್ದವರು ಯಾರು, ಗುರುಗಳೇ?" ಎಂದ.

ಗುರುಗಳು ನಕ್ಕರು. "ಒಬ್ಬರೇ ಗೆಲ್ಲುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಯಾರ ಬಾಯಲ್ಲಾದರೂ ಬರುತ್ತಿತ್ತೇನು?"